ಫೋರ್ಸ್ ಫೀಡ್‌ಬ್ಯಾಕ್ ಜಾಯ್‌ಸ್ಟಿಕ್ ಹಠ ಮಾಡ್ತಿದ್ಯಾ? ಕಾಂಬ್ಯಾಟ್ ಸಿಮ್ ಆಡೋರಿಗೆ ಲಕ್ಷಣ ನೋಡಿ ದೋಷ ಹಿಡಿಯೋ ಕೈಪಿಡಿ

"ಸ್ಟಿಕ್ ಹೋಯ್ತು ಗುರೂ, ಮೋಟರ್ ಸುಟ್ಟಿರ್ಬೇಕು" ಅಂತ ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತೆ. ಸ್ಟಿಕ್ ಅಂದ್ರೆ ಇಲ್ಲಿ ಒಳಗೆ ಮೋಟರ್ ಇದ್ದು, ಯುದ್ಧವಿಮಾನ ಹಾರಿಸೋ ಗೇಮು (ಕಾಂಬ್ಯಾಟ್ ಸಿಮ್) ಹೇಳಿದ ಹಾಗೆ ಕೈಗೆ ಬಲ ಕೊಡೋ ಜಾಯ್‌ಸ್ಟಿಕ್. ಮುಕ್ಕಾಲು ಪಾಲು ಸಲ ಮೋಟರ್‌ಗೆ ಏನೂ ಆಗಿರಲ್ಲ, ಗೇಮಲ್ಲಿ ಒಂದು ಟಿಕ್ ತಪ್ಪಿರುತ್ತೆ, ಇಲ್ಲಾ ಹೊಸದ್ರಲ್ಲಿ ಖುಷಿಗೆ ಎಲ್ಲ ಸ್ಲೈಡರ್‌ನೂ ನೂರಕ್ಕೆ ತಳ್ಳಿರ್ತಾರೆ. ಆದ್ರಿಂದ ಸ್ಕ್ರೂಡ್ರೈವರ್ ಆಮೇಲೆ ತಗೊಳ್ಳಿ. ಮೊದಲು ಯಾವ ಲಕ್ಷಣ ಕಾಣ್ತಿದೆ ಅಂತ ನೋಡಿ ಆ ಭಾಗಕ್ಕೆ ಹೋಗಿ, ಪ್ರತಿ ಭಾಗದಲ್ಲೂ ದುಡ್ಡು ಖರ್ಚಿಲ್ಲದ ಚೆಕ್ ಮೊದಲು ಬರುತ್ತೆ.

ಒಂದೇ ಒಂದು ವಿಷಯ ತಲೇಲಿ ಇಟ್ಕೊಳ್ಳಿ. ಗೇಮು "ಇಷ್ಟು ಬಲ ಕೊಡು" ಅಂತ ಹೇಳುತ್ತೆ, ವಿಂಡೋಸ್‌ನ ಡೈರೆಕ್ಟ್‌ಇನ್‌ಪುಟ್ ಅದನ್ನ ತಲುಪಿಸುತ್ತೆ, ಸ್ಟಿಕ್ ಒಳಗಿನ ಬೋರ್ಡು ಮೋಟರ್ ತಿರುಗಿಸುತ್ತೆ. ಇದರ ಮೇಲೆ ಸ್ಟಿಕ್ ಕಂಪನಿಯ ಆಪ್ ಒಂದು ಕೂತಿರುತ್ತೆ, ಅದೂ ತನ್ನ ಪಾಡಿಗೆ ಸ್ಪ್ರಿಂಗು (ಸೆಂಟರ್ ಕಡೆ ಎಳೆಯೋ ಬಲ), ಡ್ಯಾಂಪರು (ವೇಗ ತಡೆಯೋ ಬಲ) ಎಲ್ಲ ಹಾಕ್ತಿರುತ್ತೆ. ಎಲ್ಲಿ ಕೊಂಡಿ ಕಳಚಿದೆ ಅಂತ ಹುಡುಕೋದೇ ಇಲ್ಲಿರೋ ಕೆಲಸ.

ಶುರು ಮಾಡೋ ಮುಂಚೆ, ಕೈ ಜೋಪಾನ

ಹಳೇ ಮೈಕ್ರೋಸಾಫ್ಟ್ ಸೈಡ್‌ವಿಂಡರ್ ಬಂದು ಕೈಗೆ ಬಡಿದ್ರೆ ಅಯ್ಯೋ ಅನ್ನಿಸುತ್ತೆ ಅಷ್ಟೆ, ಈಗಿನ ವಿಪಿಫೋರ್ಸ್ ರೈನೋ, ಮೋಝಾ ಎಬಿ9 ತರದ್ದು ಹಾಗಲ್ಲ, ಬೆರಳು ಮೇಜಿನ ಅಂಚಿಗೂ ಸ್ಟಿಕ್ಕಿಗೂ ಮಧ್ಯ ಸಿಕ್ಕಿದ್ರೆ ನಿಜವಾಗ್ಲೂ ಪೆಟ್ಟಾಗುತ್ತೆ. ಬೇಸ್‌ನ ಮೇಜಿಗೆ ಇಲ್ಲಾ ಕುರ್ಚಿ ಮೌಂಟಿಗೆ ಭದ್ರವಾಗಿ ಬಿಗೀರಿ. ಟೆಸ್ಟ್ ಮಾಡುವಾಗ ಟೋಟಲ್ ಗೇನ್ ಅಥವಾ ಓವರಾಲ್ ಸ್ಟ್ರೆಂಗ್ತ್ ಅಂತ ಇರೋ ಸ್ಲೈಡರ್‌ನ ಇಪ್ಪತ್ತು ಪರ್ಸೆಂಟ್‌ಗೆ ಇಳಿಸ್ಕೊಂಡೇ ಶುರು ಮಾಡಿ, ಮುಖಾನ ಸ್ಟಿಕ್ ಮೇಲೆ ಬಗ್ಗಿಸಿ ನೋಡ್ಬೇಡಿ, ಮಕ್ಕಳು ಪಕ್ಕದಲ್ಲಿದ್ರೆ ಪವರ್ ತೆಗೀರಿ. ಕವರ್ ಬಿಚ್ಚೋದಾದ್ರೆ ಯುಎಸ್‌ಬಿ ಕಿತ್ರೆ ಸಾಲ್ದು, ಗೋಡೆ ಪ್ಲಗ್ ಕೀಳ್ಬೇಕು.

ಇನ್ನೊಂದು, ಇದು ನಮ್ಮೂರಿನ ವಿಷಯ. ಅಮೆರಿಕದಲ್ಲಿರೋ ಅಣ್ಣನೋ ಭಾವನೋ ಸೆಕೆಂಡ್ ಹ್ಯಾಂಡ್ ತಂದ್ಕೊಟ್ಟ ಹಳೇ ಸ್ಟಿಕ್ ಆಗಿದ್ರೆ ಕೆಳಗಡೆ ಇರೋ ಲೇಬಲ್ ಓದದೇ ಪ್ಲಗ್ ಹಾಕ್ಬೇಡಿ. ಅಲ್ಲಿನ ಕರೆಂಟ್ 120 ವೋಲ್ಟ್, ನಮ್ಮದು 230. ಹೊಸ ಅಡಾಪ್ಟರ್‌ಗಳ ಮೇಲೆ ಸಾಮಾನ್ಯವಾಗಿ 100-240 ಅಂತ ಬರೆದಿರುತ್ತೆ, ತೊಂದ್ರೆ ಇಲ್ಲ. ಬರೀ 120 ಅಂತ ಇದ್ರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಪಿನ್ ಹೊಂದಿಸೋ ಟ್ರಾವೆಲ್ ಅಡಾಪ್ಟರ್ ವೋಲ್ಟೇಜ್ ಇಳಿಸಲ್ಲ, ಇದನ್ನ ಎಷ್ಟು ಸಲ ಹೇಳಿದ್ರೂ ಯಾರೋ ಒಬ್ರು ಹೊಗೆ ಬರಿಸ್ಕೊಂಡೇ ಕಲೀತಾರೆ.

"ಸ್ಟಿಕ್ ಸತ್ತ ಹಾವಿನ ತರ ಬಿದ್ದಿದೆ, ಬಲಾನೇ ಇಲ್ಲ"

ಮೊದಲು ಪವರ್. ಯುಎಸ್‌ಬಿ ಮಾತ್ರ ಇದ್ರೆ ಬಟನ್ನು, ಆಕ್ಸಿಸ್ (ಹಿಂದೆ ಮುಂದೆ, ಅಡ್ಡಕ್ಕೆ ಅಲ್ಲಾಡಿಸೋದು) ಎಲ್ಲ ಕೆಲಸ ಮಾಡುತ್ತೆ, ಮೋಟರ್ ಮಾತ್ರ ಮಲಗಿರುತ್ತೆ, ಯಾಕಂದ್ರೆ ಮೋಟರ್‌ಗೆ ಬೇರೆ ಕರೆಂಟು. ಅದಕ್ಕೇ ಎಷ್ಟೋ ಜನ "ಗೇಮಲ್ಲಿ ಚೆನ್ನಾಗೇ ಹಾರುತ್ತೆ, ಫೋರ್ಸ್ ಮಾತ್ರ ಇಲ್ಲ" ಅಂತಾರೆ. ಅಡಾಪ್ಟರ್ ಪಿನ್ ಸ್ಟಿಕ್ ಹಿಂದೆ ಪೂರ್ತಿ ಕೂತಿದ್ಯಾ, ಎಮರ್ಜೆನ್ಸಿ ಸ್ಟಾಪ್ ಬಟನ್ ಇರೋ ಮಾಡೆಲ್ ಆದ್ರೆ ಅದು ಒತ್ತಿದ ಹಾಗೇ ಇದ್ಯಾ, ನೋಡಿ.

ಸೈಡ್‌ವಿಂಡರ್ ಫೋರ್ಸ್ ಫೀಡ್‌ಬ್ಯಾಕ್ 2, ಲಾಜಿಟೆಕ್ ಜಿ940 ಇಂಥವುಗಳ ಹಿಡಿಯಲ್ಲಿ ಕೈ ಇದ್ಯಾ ಇಲ್ವಾ ಅಂತ ನೋಡೋ ಒಂದು ಸಣ್ಣ ಕಣ್ಣಿದೆ, ಕೈ ತೆಗೆದ್ರೆ ಬಲ ನಿಲ್ಲುತ್ತೆ. ಕೈ ಹಿಡಿಯೋ ರೀತಿ ಬೇರೆ ಆಗಿದ್ರೆ ಇಲ್ಲಾ ಅದರ ಮೇಲೆ ಧೂಳು, ಬೆವರಿನ ಜಿಡ್ಡು ಕೂತಿದ್ರೆ ಬಲ ಬಂದು ಬಂದು ಹೋಗುತ್ತೆ. ಒಣ ಬಟ್ಟೇಲಿ ಒರೆಸಿ ನೋಡಿ. ತುಂಬಾ ಜನ ಅದರ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಹಚ್ಚಿ ಬಿಡ್ತಾರೆ, ಕೆಲಸ ಏನೋ ಆಗುತ್ತೆ, ಆದ್ರೆ ಆಗ ನೀವು ಎದ್ದು ಹೋದ್ಮೇಲೂ ಮೋಟರ್ ದುಡೀತಾನೇ ಇರುತ್ತೆ, ಬಿಸಿ ಆಗುತ್ತೆ. ನಾನು ಟೆಸ್ಟ್ ಮಾಡೋಕೆ ಮಾತ್ರ ಹಚ್ತೀನಿ, ಆಮೇಲೆ ಕಿತ್ತು ಹಾಕ್ತೀನಿ.

ಇದೆಲ್ಲ ಸರಿ ಇದ್ರೆ ಸ್ಟಿಕ್ ಕಂಪನಿ ಆಪಲ್ಲಿ ಸ್ಪ್ರಿಂಗ್ ಆನ್ ಮಾಡಿ. ಗೇಮ್ ಇಲ್ದೇನೇ ಬಲ ಬಂತು ಅಂದ್ರೆ ಹಾರ್ಡ್‌ವೇರ್ ಜೀವಂತ ಇದೆ, ತಪ್ಪು ಗೇಮಲ್ಲಿ. ಇಲ್ಲೂ ಬಲ ಇಲ್ಲ ಅಂದ್ರೆ ಯುಎಸ್‌ಬಿ ಹಬ್ ಬಿಟ್ಟು ನೇರ ಮದರ್‌ಬೋರ್ಡ್ ಪೋರ್ಟ್‌ಗೆ ಹಾಕಿ, ಬೇರೆ ಕೇಬಲ್ ಹಾಕಿ, ವಿಂಡೋಸ್ ಪವರ್ ಆಪ್ಷನ್ಸಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ, ಮತ್ತೆ ನೋಡಿ.

ಗೇಮ್ ಕಡೆ ಬಂದ್ರೆ, ಡಿಸಿಎಸ್ ಅನ್ನೋ ಕಾಂಬ್ಯಾಟ್ ಸಿಮ್‌ನಲ್ಲಿ ಆಪ್ಷನ್ಸ್ ಒಳಗೆ ಮಿಸ್ಕ್ ಅನ್ನೋ ಟ್ಯಾಬಲ್ಲಿ ಫೋರ್ಸ್ ಫೀಡ್‌ಬ್ಯಾಕ್ ಅಂತ ಒಂದು ಟಿಕ್ ಇದೆ. ಐಎಲ್-2, ಫಾಲ್ಕನ್ ಬಿಎಂಎಸ್, ವಾರ್ ಥಂಡರ್ ಎಲ್ಲದ್ರಲ್ಲೂ ಇಂಥದ್ದೇ ಒಂದು ಸ್ವಿಚ್ ಇದೆ, ಹುಡುಕಿ. ಸ್ಟೀಮ್‌ನಿಂದ ಓಡಿಸ್ತಿದ್ರೆ ಆ ಗೇಮಿಗೆ ಸ್ಟೀಮ್ ಇನ್‌ಪುಟ್ ಆಫ್ ಮಾಡಿ ನೋಡಿ. ಸ್ಟಿಕ್ ಆನ್ ಮಾಡಿ ಆಮೇಲೆ ಗೇಮ್ ತೆಗೀರಿ, ತಿರುವುಮುರುವು ಬೇಡ.

"ಇಷ್ಟೊತ್ತು ಚೆನ್ನಾಗಿತ್ತು, ಮಧ್ಯದಲ್ಲಿ ಇದ್ದಕ್ಕಿದ್ದಂಗೆ ಹೋಯ್ತು"

ಆಲ್ಟ್-ಟ್ಯಾಬ್ ಒತ್ತಿ ಬ್ರೌಸರ್ ನೋಡಿ ವಾಪಸ್ ಬಂದ್ರಾ? ಹಾಗಾದ್ರೆ ಇದೇ ಕಾರಣ. ಡೈರೆಕ್ಟ್‌ಇನ್‌ಪುಟ್‌ನಲ್ಲಿ ಫೋರ್ಸ್ ಕಳಿಸ್ಬೇಕು ಅಂದ್ರೆ ಗೇಮು ಆ ಸ್ಟಿಕ್‌ನ "ಇದು ನಂದು, ಬೇರೆಯವ್ರು ಮುಟ್ಟಂಗಿಲ್ಲ" ಅಂತ ಹಿಡ್ಕೊಂಡಿರ್ಬೇಕು, ಕಿಟಕಿ ಬದಲಾದ ತಕ್ಷಣ ಆ ಹಿಡಿತ ಬಿಟ್ಟುಹೋಗುತ್ತೆ. ವಾಪಸ್ ಬಂದ್ಮೇಲೆ ಮತ್ತೆ ಹಿಡ್ಕೊಂಡು ಎಫೆಕ್ಟ್‌ಗಳನ್ನ ಮತ್ತೆ ಶುರು ಮಾಡೋದು ಗೇಮಿನ ಜವಾಬ್ದಾರಿ, ಕೆಲವು ಮಾಡುತ್ವೆ ಕೆಲವು ಮರೀತಾವೆ. ಮಿಷನ್ ರೀಸ್ಟಾರ್ಟ್ ಮಾಡಿ, ಆಗ್ಲಿಲ್ಲ ಅಂದ್ರೆ ಗೇಮ್ ಮುಚ್ಚಿ ತೆಗೀರಿ. ಬಾರ್ಡರ್‌ಲೆಸ್ ವಿಂಡೋ ಹಾಕಿದ್ರೂ ಪೂರ್ತಿ ಪರಿಹಾರ ಆಗಲ್ಲ, ಫೋಕಸ್ ಹೋದ್ರೆ ಹೋಯ್ತು.

ಎರಡನೇ ಕಾರಣ ಕರೆಂಟು. ಲ್ಯಾಪ್‌ಟಾಪಲ್ಲಿ ಆಡ್ತಿದ್ರೆ ಅರ್ಧ ಸೆಕೆಂಡ್ ಕರೆಂಟ್ ಹೋಗಿ ಬಂದ್ರೂ ಗೊತ್ತಾಗಲ್ಲ, ಬ್ಯಾಟರಿ ಇದೆಯಲ್ಲ, ಆದ್ರೆ ಸ್ಟಿಕ್ಕಿನ ಅಡಾಪ್ಟರ್‌ಗೆ ಬ್ಯಾಟರಿ ಇಲ್ಲ. ನಂಗೇ ಆಗಿದ್ದು ಹೇಳ್ತೀನಿ, ಮಳೆ ದಿನ, ಗೇಮಲ್ಲಿ ಸ್ಪಿಟ್‌ಫೈರ್ ವಿಮಾನ ಇಳಿಸ್ತಾ ಇದೀನಿ, ಫ್ಯಾನ್ ಒಂದು ಸುತ್ತು ನಿಧಾನ ಆಗಿ ಮತ್ತೆ ತಿರುಗ್ತು, ಸ್ಟಿಕ್ ಕೈಯಲ್ಲಿ ಬತ್ತಿ ಹೋದ ಹಾಗೆ ಆಯ್ತು, ಏನಪ್ಪಾ ಅಂತ ಕೈ ಬಿಟ್ಟೆ, ಕರೆಂಟ್ ಬಂದ ಕೂಡ್ಲೆ ಸ್ಟಿಕ್ ತನ್ನ ಸೆಂಟರ್ ಹುಡುಕ್ಕೊಂಡು ಪಟ್ ಅಂತ ಎದ್ದು ನಿಂತು ಪಕ್ಕದಲ್ಲಿದ್ದ ಕಾಫಿ ಲೋಟಾನ ಕೀಬೋರ್ಡ್ ಮೇಲೆ ಚೆಲ್ತು. ಅವತ್ತಿಂದ ಸ್ಟಿಕ್‌ನೂ ಯುಪಿಎಸ್‌ಗೆ ಹಾಕಿದೀನಿ, ಕಾಫಿ ಎಡಗಡೆ ಇಡ್ತೀನಿ. ಮನೆ ಇನ್ವರ್ಟರ್ ಸ್ಕ್ವೇರ್ ವೇವ್ ಆಗಿದ್ರೆ, ಅದರಲ್ಲೂ ಒಳಗಡೆ ಟ್ರಾನ್ಸ್‌ಫಾರ್ಮರ್ ಇರೋ ಹಳೇ ಸ್ಟಿಕ್ ಆಗಿದ್ರೆ, ಗುಂಯ್ ಅಂತ ಸದ್ದು ಮಾಡುತ್ತೆ, ಬಿಸೀನೂ ಜಾಸ್ತಿ. ಇನ್ವರ್ಟರ್ ಮೇಲೆ ಇದ್ದಾಗ ಆಡದೇ ಇರೋದು ವಾಸಿ.

"ಮಿಷನ್ ಶುರು ಆದ ತಕ್ಷಣ ಮೂಲೆಗೆ ಓಡಿ ಹೋಗಿ ಅಲ್ಲೇ ಅಂಟ್ಕೊಳ್ಳುತ್ತೆ"

ನೋಡೋಕೆ ಭಯ ಆಗುತ್ತೆ, ಆದ್ರೆ ಸರಿ ಮಾಡೋದು ಬಹಳ ಸುಲಭ. ಬಲದ ದಿಕ್ಕು ಉಲ್ಟಾ ಆಗಿದೆ. ಸ್ಪ್ರಿಂಗ್ ಅಂದ್ರೆ ನೀವು ಎಡಕ್ಕೆ ತಳ್ಳಿದ್ರೆ ಅದು ಬಲಕ್ಕೆ ಎಳೀಬೇಕು, ಇಲ್ಲಿ ಎಡಕ್ಕೆ ಒಂದು ಕೂದಲಷ್ಟು ಹೋದ್ರೂ ಇನ್ನೂ ಎಡಕ್ಕೆ ನೂಕ್ತಿದೆ, ಅದಕ್ಕೇ ಓಡೋದು. ಡಿಸಿಎಸ್ ಕಂಟ್ರೋಲ್ಸ್‌ನಲ್ಲಿ ಆ ಸ್ಟಿಕ್ಕಿನ ಕಾಲಮ್ ಆರಿಸಿ ಎಫ್‌ಎಫ್ ಟ್ಯೂನ್ ಒತ್ತಿದ್ರೆ ಇನ್ವರ್ಟ್ ಎಕ್ಸ್, ಇನ್ವರ್ಟ್ ವೈ, ಸ್ವಾಪ್ ಆಕ್ಸಸ್ ಅಂತ ಮೂರು ಟಿಕ್ ಸಿಗುತ್ತೆ. ಹಿಂದೆ ಎಳೆದಾಗ ಅಡ್ಡಕ್ಕೆ ಬಲ ಬಂತು ಅಂದ್ರೆ ಸ್ವಾಪ್, ಮೂಲೆಗೆ ಓಡ್ತು ಅಂದ್ರೆ ಓಡಿದ ಆಕ್ಸಿಸ್‌ನ ಇನ್ವರ್ಟ್. ಒಂದು ಸಲಕ್ಕೆ ಒಂದೇ ಬದಲಾಯಿಸಿ, ಮೂರನ್ನೂ ಒಟ್ಟಿಗೆ ಒತ್ತಿದ್ರೆ ಎಲ್ಲಿದ್ವಿ ಅಂತಾನೇ ಗೊತ್ತಾಗಲ್ಲ. ಇದು ಒಂದೊಂದು ವಿಮಾನಕ್ಕೂ ಬೇರೆ ಬೇರೆ ಸೇವ್ ಆಗುತ್ತೆ, ಸ್ಪಿಟ್‌ಫೈರ್‌ಗೆ ಸರಿ ಮಾಡಿದ್ದು ಹ್ಯೂಯಿ ಹೆಲಿಕಾಪ್ಟರ್‌ಗೆ ತಾನಾಗೇ ಬರಲ್ಲ.

ಗೇಮ್ ಮುಚ್ಚಿದ್ರೂ, ಆಪ್‌ನ ಸ್ಪ್ರಿಂಗಲ್ಲೇ ಮೂಲೆಗೆ ಓಡ್ತಿದ್ರೆ ಸೆಟ್ಟಿಂಗ್ ಅಲ್ಲ. ಕ್ಯಾಲಿಬ್ರೇಷನ್ ಇನ್ನೊಂದು ಸಲ ಮಾಡಿ, ಆದ್ಮೇಲೂ ಹಾಗೇ ಇದ್ರೆ ಸೆನ್ಸರ್ ಇಲ್ಲಾ ಅದರ ವೈರು. ಅಲ್ಲಿಗೆ ನಿಲ್ಲಿಸಿ.

"ಕೈ ಬಿಟ್ರೆ ಗಡಗಡ ನಡುಗುತ್ತೆ"

ಕೈ ಹಿಡಿದಿದ್ದಾಗ ಸುಮ್ನಿರುತ್ತೆ, ಬಿಟ್ಟ ತಕ್ಷಣ ಎಡ ಬಲ ಎಡ ಬಲ ಅಂತ ತಾನೇ ತೂಗಾಡೋಕೆ ಶುರು, ಮೇಜೆಲ್ಲ ಅಲ್ಲಾಡುತ್ತೆ. ಕೆಟ್ಟಿಲ್ಲ. ಸ್ಪ್ರಿಂಗು ಸೆಂಟರ್ ಕಡೆ ಎಳೆಯುತ್ತೆ, ಸ್ಟಿಕ್ ವೇಗವಾಗಿ ಬಂದು ಸೆಂಟರ್ ದಾಟುತ್ತೆ, ದಾಟಿದ್ದು ಬೋರ್ಡಿಗೆ ಗೊತ್ತಾಗೋಕೆ ಒಂದು ಚೂರು ತಡ, ಅಷ್ಟರಲ್ಲಿ ಆ ಕಡೆ ಹೋಗಿರುತ್ತೆ, ಮತ್ತೆ ಈ ಕಡೆ ಎಳೆಯುತ್ತೆ. ಜೋಕಾಲಿಗೆ ಸರಿಯಾದ ಹೊತ್ತಲ್ಲಿ ತಳ್ಳಿದ್ರೆ ಹೇಗೆ ಜಾಸ್ತಿ ಆಗುತ್ತೋ ಹಾಗೆ. ಕೈ ಇದ್ದಾಗ ನಿಮ್ಮ ತೋಳೇ ಬ್ರೇಕು.

ಡ್ಯಾಂಪರ್ ಸೊನ್ನೇಲಿದ್ರೆ ಐದೈದು ಪರ್ಸೆಂಟ್ ಏರಿಸ್ತಾ ಹೋಗಿ, ಪ್ರತಿ ಸಲ ಸ್ಟಿಕ್‌ನ ಒಂದು ಕಡೆ ಎಳೆದು ಬಿಡಿ. ಒಂದು ಸಲ ಸೆಂಟರ್ ದಾಟಿ ವಾಪಸ್ ಬಂದು ನಿಂತ್ರೆ ಸಾಕು. ಅಲ್ಲಾಡದೇ ನಿಲ್ಲಲಿ ಅಂತ ಇನ್ನೂ ಏರಿಸಿದ್ರೆ ಬೆಲ್ಲದ ಪಾಕದಲ್ಲಿ ಸೌಟು ತಿರುಗಿಸಿದ ಹಾಗೆ ಆಗುತ್ತೆ, ಗುರಿ ಇಡೋವಾಗ ಮೂತಿ ಸಣ್ಣಗೆ ತಿದ್ದೋಕೆ ಆಗಲ್ಲ. ಡ್ಯಾಂಪರ್ ವೇಗಕ್ಕೆ ತಕ್ಕ ಹಾಗೆ ತಡೆಯುತ್ತೆ, ಫ್ರಿಕ್ಷನ್ ವೇಗ ಎಷ್ಟೇ ಇರಲಿ ಒಂದೇ ಸಮ ತಡೆಯುತ್ತೆ, ಇನರ್ಷಿಯಾ ಸ್ಟಿಕ್‌ನ ಭಾರ ಆದ ಹಾಗೆ ತೋರಿಸುತ್ತೆ. ನಡುಕಕ್ಕೆ ಮದ್ದು ಮೊದಲು ಡ್ಯಾಂಪರ್, ಆಮೇಲೆ ಚಿಟಿಕೆ ಫ್ರಿಕ್ಷನ್. ಇನರ್ಷಿಯಾ ಜಾಸ್ತಿ ಮಾಡಿದ್ರೆ ನಡುಕಾನೂ ಜಾಸ್ತಿ ಆಗ್ಬಹುದು, ಹುಷಾರು.

ಡ್ಯಾಂಪರ್ ಹಾಕಿದ್ರೂ ನಿಲ್ಲದಿದ್ರೆ ಮೇಜು ನೋಡಿ. ಪ್ಲೈವುಡ್ ಮೇಜಿನ ತುದೀಲಿ ಕ್ಲಾಂಪ್ ಹಾಕಿದ್ರೆ ಮೇಜೇ ಸ್ಪ್ರಿಂಗ್ ಆಗಿಬಿಡುತ್ತೆ. ಕಾಲಿನ ಹತ್ರ, ಗಟ್ಟಿ ಜಾಗಕ್ಕೆ ಸರಿಸಿ. ಕೊನೇದು, ಆಪೂ ಸ್ಪ್ರಿಂಗ್ ಕೊಡ್ತಿದೆ ಗೇಮೂ ಸ್ಪ್ರಿಂಗ್ ಕೊಡ್ತಿದೆ ಅಂದ್ರೆ ಎರಡೂ ಸೇರಿ ದುಪ್ಪಟ್ಟು, ಗೇಮ್ ಸ್ಪ್ರಿಂಗ್ ಕೊಡುತ್ತೆ ಅಂತಾದ್ರೆ ಆಪಲ್ಲಿ ಅದನ್ನ ತೆಗೀರಿ.

"ಹೆಲಿಕಾಪ್ಟರಲ್ಲಿ ಟ್ರಿಮ್ ಒತ್ತಿದ್ರೆ ಜಿಗಿಯುತ್ತೆ"

ಟ್ರಿಮ್ ಅಂದ್ರೆ ಕೈಯಲ್ಲಿ ಒತ್ತಿ ಹಿಡಿಯದೇನೇ ಸ್ಟಿಕ್ ಇದ್ದ ಸ್ಥಿತಿಯನ್ನ ಹಾಗೇ ಉಳಿಸೋದು. ಮಾಮೂಲಿ ಸ್ಪ್ರಿಂಗ್ ಸ್ಟಿಕ್ ಇರೋರು ಟ್ರಿಮ್ ಒತ್ತಿ ಸ್ಟಿಕ್‌ನ ಸೆಂಟರ್‌ಗೆ ವಾಪಸ್ ತರ್ತಾರೆ, ಅಷ್ಟೊತ್ತು ಗೇಮ್ ಕಾಯುತ್ತೆ. ಫೋರ್ಸ್ ಫೀಡ್‌ಬ್ಯಾಕಲ್ಲಿ ಸ್ಟಿಕ್ ಎಲ್ಲಿದ್ಯೋ ಅದೇ ಹೊಸ ಸೆಂಟರ್, ಕೈ ಬಿಟ್ರೂ ಅಲ್ಲೇ ನಿಲ್ಲುತ್ತೆ. ಎಂಐ-8, ಎಂಐ-24, ಹ್ಯೂಯಿ ಹಾರಿಸೋರಿಗೆ ಈ ಸ್ಟಿಕ್ ತಗೊಳ್ಳೋಕೆ ಇದೊಂದೇ ಕಾರಣ ಸಾಕು ಅನ್ನೋನು ನಾನು. ಗೇಮಿಗೆ ನಿಮ್ಮ ಹತ್ರ ಯಾವ ಸ್ಟಿಕ್ ಇದೆ ಅನ್ನೋದು ತಪ್ಪಾಗಿ ಗೊತ್ತಿದ್ರೆ ಟ್ರಿಮ್ ಎರಡು ಸಲ ಲೆಕ್ಕ ಆಗಿ ಹೆಲಿಕಾಪ್ಟರ್ ಮೂತಿ ಜಿಗಿಯುತ್ತೆ. ಆಪ್ಷನ್ಸ್‌ನ ಸ್ಪೆಷಲ್ ಟ್ಯಾಬಲ್ಲಿ ಆ ಹೆಲಿಕಾಪ್ಟರ್‌ಗೆ ಟ್ರಿಮ್ಮರ್ ಮೋಡ್ ನೋಡಿ, ಸೆಂಟ್ರಲ್ ಪೊಸಿಷನ್ ಅನ್ನೋದು ಸ್ಪ್ರಿಂಗ್ ಸ್ಟಿಕ್‌ನವ್ರಿಗೆ, ನಿಮಗಲ್ಲ.

ಹಳೇ ಸ್ಟಿಕ್ಕಿಂದ ತಂದ ಕರ್ವ್‌ಗಳನ್ನೂ (ಕೈ ಎಷ್ಟು ಅಲ್ಲಾಡಿದ್ರೆ ಗೇಮಲ್ಲಿ ಎಷ್ಟು ಅಂತ ಬದಲಾಯಿಸೋ ಸೆಟ್ಟಿಂಗ್) ತೆಗೀರಿ. ಕರ್ವ್ ಇದ್ರೆ ಗೇಮಿನ ಸ್ಟಿಕ್ ಅರ್ಧಕ್ಕೆ ಇದ್ದಾಗ ಕೈಯಲ್ಲಿರೋದು ಮುಕ್ಕಾಲಲ್ಲಿ ಇರ್ಬಹುದು, ಆಗ ಗೇಮ್ ಕೊಡೋ ಸೆಂಟರ್ರೂ ನಿಮ್ಮ ಕೈಯಲ್ಲಿರೋದೂ ಹೊಂದಲ್ಲ. ಕರ್ವ್ ಸೊನ್ನೆ, ಡೆಡ್‌ಝೋನ್ ಸೊನ್ನೆ, ಸ್ಯಾಚುರೇಷನ್ ನೂರು.

"ಗಟ್ಟಿ ಇದೆ, ಆದ್ರೆ ಸ್ಟಾಲ್ ಗೊತ್ತಾಗ್ತಿಲ್ಲ, ಗನ್ ಅದುರೋದು ಗೊತ್ತಾಗ್ತಿಲ್ಲ"

ಜನ ಇದನ್ನ ದೋಷ ಅಂತಾನೇ ಅಂದ್ಕೊಳ್ಳಲ್ಲ, "ಇಷ್ಟೇ ಇರ್ಬೇಕು" ಅಂತ ಸುಮ್ನಾಗ್ತಾರೆ. ಡೈರೆಕ್ಟ್‌ಇನ್‌ಪುಟ್‌ನಲ್ಲಿ ಬಲದ ಮೇಲ್ಮಿತಿ 10,000 ಅನ್ನೋ ಅಂಕಿ. ಸ್ಪ್ರಿಂಗ್ ಒಂದೇ 9,500 ತಿಂದ್ಬಿಟ್ರೆ ಸ್ಟಾಲ್ ಬಫೆಟ್‌ಗೆ (ರೆಕ್ಕೆ ವಿಮಾನಾನ ಎತ್ತಿ ಹಿಡಿಯೋದು ಬಿಡೋ ಮುಂಚೆ ಬರೋ ನಡುಕ), ಗನ್‌ಗೆ, ರನ್‌ವೇ ಕುಲುಕಾಟಕ್ಕೆ ಎಲ್ಲ ಸೇರಿ 500 ಉಳೀತು. ಬಸ್ಸಲ್ಲಿ ಬಾಗಿಲ ತನಕ ಜನ ತುಂಬಿದ್ಮೇಲೆ ಕಂಡಕ್ಟರ್ ಎಲ್ಲಿ ಓಡಾಡ್ತಾನೆ? ಇದನ್ನೇ ಕ್ಲಿಪ್ಪಿಂಗ್ ಅನ್ನೋದು.

ಪರೀಕ್ಷೆ ಸುಲಭ. ಎಫ್‌ಎಫ್ ಟ್ಯೂನಲ್ಲಿ ಟ್ರಿಮ್ ಮತ್ತೆ ಶೇಕ್ ಅಂತ ಎರಡು ಸ್ಲೈಡರ್ ಇದ್ಯಲ್ಲ, ಟ್ರಿಮ್ ಅನ್ನೋದು ಸ್ಪ್ರಿಂಗ್ ಕಡೆದು, ಶೇಕ್ ಅನ್ನೋದು ಅದುರೋ ಕಡೆದು. ಟ್ರಿಮ್‌ನ ಅರವತ್ತಕ್ಕೆ ಇಳಿಸಿ ಶೇಕ್ ಹಾಗೇ ಬಿಟ್ಟು, ಎರಡನೇ ಮಹಾಯುದ್ಧದ ಜರ್ಮನ್ ಫೈಟರ್ ಬಿಎಫ್ 109 ತಗೊಂಡು ನಿಧಾನ ವೇಗದಲ್ಲಿ ಬಿಗಿಯಾಗಿ ತಿರುಗಿ. ಸ್ಟಾಲ್‌ಗೆ ಮುಂಚಿನ ನಡುಕ ಈಗ ಕೈಗೆ ಬಂತು ಅಂದ್ರೆ ರೋಗ ಸಿಕ್ತು. ಅದೇ ವಿಮಾನಾನ ಡೈವ್‌ನಲ್ಲಿ ಬಿಟ್ಟು ನೋಡಿ, ವೇಗ ಏರಿದ ಹಾಗೆ ಎಲಿವೇಟರ್ (ಮೂತಿ ಮೇಲೆ ಕೆಳಗೆ ಮಾಡೋ ಬಾಲದ ಭಾಗ) ಗೋಡೆ ಆಗ್ಬೇಕು, ನಿಜವಾದ 109 ಅದಕ್ಕೇ ಹೆಸರುವಾಸಿ. ಸ್ಪಿಟ್‌ಫೈರ್‌ನಲ್ಲಿ ಅದೇ ಎಲಿವೇಟರ್ ಬೆಣ್ಣೆ ಹಾಗೆ ಹಗುರ, ಎರಡು ಬೆರಳು ಸಾಕು. ಎರಡೂ ಒಂದೇ ತರ ಗಟ್ಟಿ ಅನ್ನಿಸ್ತಿದೆ ಅಂದ್ರೆ ನೀವಿನ್ನೂ ಕ್ಲಿಪ್ಪಿಂಗಲ್ಲೇ ಇದೀರಿ, ಇಲ್ಲಾ ಆಪ್‌ನ ಸ್ಪ್ರಿಂಗ್ ಗೇಮಿಂದನ್ನ ಮುಚ್ಚಿ ಹಾಕಿದೆ.

"ಜಾಸ್ತಿ", "ಕಮ್ಮಿ" ಅಂತ ಅಂದಾಜಲ್ಲಿ ಹೇಳೋದು ಬೇಡ ಅನ್ನೋರಿಗೆ ಒಂದು ಉಪಾಯ. ಏರ್‌ಪೋರ್ಟ್‌ಗೆ ಹೋಗೋವಾಗ ಬ್ಯಾಗ್ ತೂಗ್ತೀವಲ್ಲ ಆ ಕೊಕ್ಕೆ ಇರೋ ಲಗೇಜ್ ಸ್ಕೇಲು, ಅದಕ್ಕೊಂದು ದಾರ ಕಟ್ಟಿ ಸ್ಟಿಕ್ಕಿನ ಹಿಡಿಗೆ ಸಿಕ್ಕಿಸಿ, ಪೂರ್ತಿ ಹಿಂದಕ್ಕೆ ಎಳೆದು ಎಷ್ಟು ಕೆಜಿ ತೋರಿಸುತ್ತೆ ಬರ್ಕೊಳ್ಳಿ. ಮುಂದೆ ಯಾವತ್ತಾದ್ರೂ ಬಲ ಕಮ್ಮಿ ಆಗಿದೆ ಅನ್ನಿಸಿದ್ರೆ ಮತ್ತೆ ಅಳೆದು ಹೋಲಿಸ್ಬಹುದು. ಸ್ಟಿಕ್ ಉದ್ದ ಮಾಡೋ ಎಕ್ಸ್‌ಟೆನ್ಷನ್ ಹಾಕಿದ್ಮೇಲೆ ಅದು ಮೆತ್ತಗಾಯ್ತು ಅನ್ನೋರಿಗೂ ಇಲ್ಲೇ ಉತ್ತರ: 6 ನ್ಯೂಟನ್ ಮೀಟರ್ ಟಾರ್ಕ್ ಇದ್ದು ಕೈ 20 ಸೆಂಟಿಮೀಟರ್ ಮೇಲಿದ್ರೆ ಕೈಗೆ ಸಿಗೋದು 30 ನ್ಯೂಟನ್, ಅಂದ್ರೆ ಸುಮಾರು 3 ಕೆಜಿ, ಹತ್ತು ಸೆಂಟಿಮೀಟರ್ ಉದ್ದ ಮಾಡಿದ್ರೆ ಅದು 2 ಕೆಜಿಗೆ ಇಳಿಯುತ್ತೆ. ಮೋಟರ್ ಅದೇ, ಸನ್ನೆಕೋಲು ಉದ್ದ ಆಯ್ತು.

ಟೆಲಿಮೆಟ್ರಿ (ಗೇಮು ಹೊರಗೆ ಕಳಿಸೋ ವಿಮಾನದ ಮಾಹಿತಿ) ಓದಿ ಎಫೆಕ್ಟ್ ಕೊಡೋ ಟೆಲಿಮ್‌ಎಫ್‌ಎಫ್‌ಬಿ ತರದ ಸಾಫ್ಟ್‌ವೇರ್ ಹಾಕಿದ್ದು, ಅದರ ಎಫೆಕ್ಟ್ ಮಾತ್ರ ಬರ್ತಿಲ್ಲ ಅಂದ್ರೆ ಸೇವ್ಡ್ ಗೇಮ್ಸ್ ಒಳಗಿನ ಎಕ್ಸ್‌ಪೋರ್ಟ್ ಡಾಟ್ ಲುವಾ ಫೈಲ್ ತೆಗೆದು ಅದರ ಸಾಲು ಇದ್ಯಾ ನೋಡಿ. ಬೇರೆ ಮಾಡ್‌ಗಳೂ ಅದೇ ಫೈಲಲ್ಲಿ ಬರೀತಾವೆ, ಒಂದು ಹಾಕುವಾಗ ಇನ್ನೊಂದು ಅಳಿಸಿ ಹೋಗಿರುತ್ತೆ.

"ಎಫ್-16ನಲ್ಲಿ ಏನೂ ಅನ್ನಿಸ್ತಿಲ್ಲ"

ಅನ್ನಿಸ್ಬಾರ್ದು. ನಿಜವಾದ ಎಫ್-16 ಸ್ಟಿಕ್ ಕಾಲು ಇಂಚಿನಷ್ಟು ಅಲ್ಲಾಡುತ್ತೆ ಅಷ್ಟೆ, ಕೈ ಎಷ್ಟು ಒತ್ತಿತು ಅಂತ ಅಳೆಯುತ್ತೆ, ರೆಕ್ಕೆ ಮೇಲಿನ ಗಾಳಿ ಪೈಲಟ್ ಕೈಗೆ ವಾಪಸ್ ಬರಲ್ಲ. 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ವಾಯುಪಡೆ ಬೀಳ್ಕೊಟ್ಟ ಮಿಗ್-21 ಕೂಡ ಹೈಡ್ರಾಲಿಕ್ ಬೂಸ್ಟರ್ ಇರೋದು, ಅದರ ಹಿಂದಿನ ರೆಕ್ಕೆಯ ಬಲ ಪೈಲಟ್ ಕೈಗೆ ಬರೋದಲ್ಲ, ಸ್ಪ್ರಿಂಗಿಂದ ಕೃತಕವಾಗಿ ಕೊಡೋದು, ವೇಗ ಮತ್ತೆ ಎತ್ತರ ನೋಡಿ ಅದನ್ನ ಹೊಂದಿಸೋಕೆ ಎಆರ್‌ಯು ಅನ್ನೋ ಪೆಟ್ಟಿಗೆ ಒಳಗಿತ್ತು. ಹಾಗಾಗಿ ಜೆಟ್‌ಗಳಲ್ಲಿ ಬರೀ ಸ್ಪ್ರಿಂಗ್ ಇದ್ರೆ ಸ್ಟಿಕ್ ಕೆಟ್ಟಿದೆ ಅಂತಲ್ಲ. ಪರೀಕ್ಷೆ ಮಾಡೋಕೆ ಎರಡನೇ ಮಹಾಯುದ್ಧದ ವಿಮಾನಾನೇ ತಗೊಳ್ಳಿ.

"ಅರ್ಧ ಗಂಟೆ ಆದ್ಮೇಲೆ ಮೆತ್ತಗಾಗುತ್ತೆ"

ಬಿಸಿ. ಮೋಟರ್ ಒಂದೇ ಕಡೆ ಬಲ ಹಿಡ್ಕೊಂಡು ನಿಂತಿದ್ದಾಗ ತಿರುಗೋದಿಲ್ಲ, ಆದ್ರೆ ಕರೆಂಟ್ ಹರೀತಾನೇ ಇರುತ್ತೆ, ತಿರುಗೋದಕ್ಕಿಂತ ಇದು ಕಷ್ಟ. ಟ್ರಿಮ್ ಮಾಡದೇ ಗಂಟೆಗಟ್ಟಲೆ ಸ್ಟಿಕ್ ಎಳ್ಕೊಂಡು ಹಾರ್ಸಿದ್ರೆ ಬೋರ್ಡು ತನ್ನನ್ನ ಕಾಪಾಡ್ಕೊಳ್ಳೋಕೆ ಬಲ ಇಳಿಸುತ್ತೆ. ವಿಮಾನ ಟ್ರಿಮ್ ಮಾಡಿ ಹಾರ್ಸಿ, ಟೋಟಲ್ ಗೇನ್ ಇಳಿಸಿ, ಗಾಳಿ ಕಿಂಡಿ ಮುಚ್ಚಿದ್ರೆ ಧೂಳು ತೆಗೀರಿ, ಏಪ್ರಿಲ್ ಮೇ ತಿಂಗಳಲ್ಲಿ ಒಂದು ಟೇಬಲ್ ಫ್ಯಾನ್ ಅದರ ಕಡೆ ತಿರುಗಿಸಿ. ತಣ್ಣಗಾದ್ಮೇಲೆ ಬಲ ವಾಪಸ್ ಬಂದ್ರೆ ಇದೇ. ತಣ್ಣಗಿದ್ದಾಗ್ಲೂ ಬಲ ಕಮ್ಮಿ ಅಂದ್ರೆ ಅಡಾಪ್ಟರ್ ವೀಕ್ ಆಗಿರ್ಬಹುದು, ಅದೇ ವೋಲ್ಟೇಜ್, ಅಷ್ಟೇ ಅಥವಾ ಜಾಸ್ತಿ ಆಂಪಿಯರ್, ಅದೇ ಪೋಲಾರಿಟಿ ಇರೋದು ಹಾಕಿ ನೋಡಿ.

"ಕಟ ಕಟ ಅನ್ನುತ್ತೆ, ಸೆಂಟರಲ್ಲಿ ಆಟ ಇದೆ, ಕರ್ಸರ್ ಕುಣಿಯುತ್ತೆ"

ಮೂರೂ ಬೇರೆ ಬೇರೆ. ಕಟ ಕಟ ಅನ್ನೋದು ಗೇರ್ ಇರೋ ಹಳೇ ಸ್ಟಿಕ್ಕಲ್ಲಿ ಹಲ್ಲು ಸವೆದಿದ್ದು, ಬೆಲ್ಟ್ ಇರೋ ರೈನೋ ತರದ್ದರಲ್ಲಿ ಬೆಲ್ಟ್ ಸಡಿಲ ಆಗಿ ಹಲ್ಲು ಹಾರ್ತಿರೋದು. ಬೆಲ್ಟ್ ಬಿಗಿ ಮಾಡೋ ವಿಧಾನ ಕಂಪನಿ ಕೈಪಿಡೀಲಿ ಇರುತ್ತೆ, ಅತಿಯಾಗಿ ಬಿಗಿದ್ರೆ ಬೇರಿಂಗ್ ಹೋಗುತ್ತೆ. ಆಟ ಇದ್ರೆ ಮೊದಲು ಹಿಡಿ ಮತ್ತೆ ಕೊಳವೆ ಸೇರೋ ಜಾಗದ ಸ್ಕ್ರೂ ನೋಡಿ, ತುಂಬಾ ಸಲ ಅಲ್ಲೇ ಇರುತ್ತೆ. ಇನ್ನು ಕುಣಿಯೋದು: ವಿಂಡೋಸ್‌ನ ಗೇಮ್ ಕಂಟ್ರೋಲರ್ ಕಿಟಕಿ ತೆಗೆದು, ಪವರ್ ಅಡಾಪ್ಟರ್ ಕಿತ್ತು, ಸ್ಟಿಕ್‌ನ ನಿಧಾನಕ್ಕೆ ತಿರುಗಿಸ್ತಾ ಕ್ರಾಸ್ ಗುರುತು ನೋಡಿ. ಒಂದೇ ಜಾಗದಲ್ಲಿ ಜಿಗಿದ್ರೆ ಪಾಟ್ (ಸ್ಟಿಕ್ ಎಲ್ಲಿದೆ ಅಂತ ಅಳೆಯೋ ಪೊಟೆನ್ಶಿಯೋಮೀಟರ್) ಒಳಗೆ ಕೊಳೆ ಇಲ್ಲಾ ಸವೆತ. ಎಲ್ಲಾ ಕಡೆ ಸಣ್ಣಗೆ ನಡುಗ್ತಿದ್ರೆ ಯುಎಸ್‌ಬಿ ಕೇಬಲ್ ಇಲ್ಲಾ ಅರ್ಥಿಂಗ್. ಪಾಟ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯೋದು ಸರಿ, ಡಬ್ಲ್ಯುಡಿ-40 ಅಂತ ಬರೀ ಹೆಸರು ನೋಡಿ ತುಕ್ಕು ಬಿಡಿಸೋದನ್ನ ಹೊಡೀಬೇಡಿ.

ಇಲ್ಲಿಗೆ ನಿಲ್ಲಿಸಿ, ಗೊತ್ತಿರೋರ ಹತ್ರ ಕೊಡಿ

ಸುಟ್ಟ ವಾಸನೆ, ಹೊಗೆ, ಅಡಾಪ್ಟರ್ ಉಬ್ಬಿದ್ದು, ಲೋಹದ ಬೇಸ್ ಮುಟ್ಟಿದ್ರೆ ಜುಮ್ ಅನ್ನೋದು, ಇವು ಯಾವುದಿದ್ರೂ ಗೋಡೆ ಸ್ವಿಚ್ ಆಫ್ ಮಾಡಿ. ಜುಮ್ ಅನ್ನೋದಕ್ಕೆ ಮನೆಯ ಅರ್ಥಿಂಗ್ ಕಾರಣ ಇರ್ಬಹುದು, ಎಲೆಕ್ಟ್ರಿಷಿಯನ್ ಕರೆಸಿ ಅದೇ ಸಾಕೆಟ್ ಟೆಸ್ಟ್ ಮಾಡ್ಸಿ, ಮೂರು ಪಿನ್ ಪ್ಲಗ್ಗಿನ ದಪ್ಪ ಪಿನ್ ಕಿತ್ತು ಎರಡು ಪಿನ್ ಸಾಕೆಟ್ಟಿಗೆ ತುರುಕ್ಬೇಡಿ. ಟ್ರಾನ್ಸ್‌ಫಾರ್ಮರ್ ಒಳಗೇ ಇರೋ ಹಳೇ ಮಾಡೆಲ್ ಬಿಚ್ಚಿದ್ರೆ 230 ವೋಲ್ಟ್ ಬರೋ ತಂತಿ ಕೈಗೆಟುಕೋ ಹಾಗೇ ಇರುತ್ತೆ. ಸೋಲ್ಡರಿಂಗ್ ಬರುತ್ತೆ ಅಂದ್ರೂ ಇಂಥದ್ದನ್ನ ಒಬ್ಬರೇ ಇದ್ದಾಗ ಮಾಡ್ಬೇಡಿ. ಹೊಸದಾಗಿದ್ರೆ ಸೀಲ್ ಮುರಿಯೋ ಮುಂಚೆ ವಾರಂಟಿ ಕಾಗದ ಓದಿ. ಬೆಂಗಳೂರಲ್ಲಿದ್ರೆ ಎಸ್‌ಪಿ ರೋಡಲ್ಲಿ ಅಡಾಪ್ಟರು, ಪಾಟು, ಫ್ಯೂಸು ಸಿಗುತ್ತೆ, ಹಳೇದನ್ನ ಕೈಲಿ ಹಿಡ್ಕೊಂಡೇ ಹೋಗಿ, ಫೋಟೋ ತೋರಿಸಿದ್ರೆ ಬೇರೆ ಸೈಜ್ ಕೊಟ್ಟು ಕಳಿಸ್ತಾರೆ.

ರಿಪೇರಿಗೆ ಕಳಿಸೋದಾದ್ರೆ ಆಪ್‌ನ ಪ್ರೊಫೈಲ್ ಫೈಲನ್ನೂ, ಡಿಸಿಎಸ್‌ನ ಸೇವ್ಡ್ ಗೇಮ್ಸ್ ಒಳಗಿನ ಇನ್‌ಪುಟ್ ಫೋಲ್ಡರ್‌ನೂ ಕಾಪಿ ಮಾಡಿಟ್ಕೊಳ್ಳಿ. ಬೋರ್ಡ್ ಬದಲಾಯಿಸಿ ಕೊಟ್ರೆ ಗೇಮ್ ಅದನ್ನ ಹೊಸ ಸ್ಟಿಕ್ ಅಂದ್ಕೊಂಡು ಎಲ್ಲಾ ಬೈಂಡಿಂಗ್ ಖಾಲಿ ತೋರಿಸ್ಬಹುದು, ಆಗ ಮೊದಲಿಂದ ಕೂತು ಬಟನ್ ಹೊಂದಿಸೋ ಹೊತ್ತಿಗೆ ಭಾನುವಾರ ಮುಗಿದಿರುತ್ತೆ.